ಘಮ ಹಣ್ಣಿನದು, ಹೊಗೆ ಕೆಂಡದ್ದು

ನಮ್ಮ ಕಡೆ ಎದೆಗೆ ಏನೇ ಆದರೂ ಮೊದಲು ಇಡುವ ಹೆಸರು ‘ಗ್ಯಾಸ್ಟ್ರಿಕ್’. ಗಂಟಲಿಗೆ ಏನೇ ಆದರೂ ‘ಥಂಡಿ’. ಮೊದಲನೆಯದಕ್ಕೆ ಜೀರಿಗೆ ಸೋಡಾ, ಎರಡನೆಯದಕ್ಕೆ ಉಪ್ಪುನೀರು. ಎರಡೂ ಒಟ್ಟಿಗೆ ಬಂದರೆ, ಅದೂ ಶನಿವಾರ ರಾತ್ರಿಯ ಪಾರ್ಟಿ ಮುಗಿಸಿ ಬಂದ ಮೇಲೆ ಶುರುವಾದರೆ, ಕಾರಣ ಬೇರೆಯೇ ಇರಬಹುದು. ಆ ಕಾರಣವನ್ನು ಮನೆಯವರ ಹತ್ತಿರ ಹೇಳುವಂತಿಲ್ಲ, ಡಾಕ್ಟರ ಹತ್ತಿರ ಹೇಳಲು ನಾಚಿಕೆ. ಗೆಳೆಯರ ಹತ್ತಿರ ಹೇಳಿದರೆ ಒಂದೇ ಉತ್ತರ: ‘ನಿಂಗೆ ಅಭ್ಯಾಸ ಇಲ್ಲ ಮಗಾ, ಅದಕ್ಕೇ ಹಂಗಾಗಿದೆ. ಇನ್ನೆರಡು ಸಲ ಎಳೆದ್ರೆ ಸರಿಹೋಗುತ್ತೆ.’

ನಾನು ಮಾತಾಡುತ್ತಿರುವುದು ಹುಕ್ಕಾ ಬಗ್ಗೆ. ಅದನ್ನು ಎಳೆದ ಮೇಲೆ ಗಂಟಲು ಕೆರೆಯುವುದು, ದನಿ ಒಡೆಯುವುದು, ಎದೆ ಬಿಗಿದಂತಾಗುವುದು, ತಲೆ ಭಾರವಾಗುವುದು ನನ್ನ ಓರಗೆಯವರಲ್ಲಿ ಮಾಮೂಲಿ ಮಾತಾಗಿದೆ. ಅಭ್ಯಾಸವಿಲ್ಲದ್ದಕ್ಕೆ ಹೀಗಾಗುವುದಲ್ಲ. ಒಳಗೆ ಹೋಗಬಾರದ ವಸ್ತು ಒಳಗೆ ಹೋಗಿದೆ ಎಂದು ದೇಹ ಹೇಳುವ ರೀತಿ ಅದು. ಅದರಲ್ಲಿ ಒಂದು ವಸ್ತುವಂತೂ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಸಿಗುವುದಿಲ್ಲ, ಮನೆಯಲ್ಲಿರುವ ಆಕ್ಸಿಮೀಟರಿಗೂ ತಿಳಿಯುವುದಿಲ್ಲ. ಅದನ್ನು ನಾನು ಅರ್ಥ ಮಾಡಿಕೊಂಡದ್ದು ನನ್ನ ರೂಂಮೇಟ್‌ನಿಂದ. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ‘ಹೆಸರೊಂದು ಹಾಕ್ಬೇಡ’ ಎಂದಿದ್ದಾನೆ.

ಹೊಗೆಸೊಪ್ಪು ಬಲ್ಲ ಹುಡುಗ

ಅವನು ಪಿರಿಯಾಪಟ್ಟಣದ ಕಡೆಯವನು. ನಾವಿಬ್ಬರೂ ಡಿಗ್ರಿ ಮುಗಿಸಿ ಮೈಸೂರಿನಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇವೆ. ಅವನ ಗುರಿ ಪೊಲೀಸ್ ಕಾನ್‌ಸ್ಟೆಬಲ್. ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಅದಕ್ಕಾಗಿ ಅವನು ದಿನಾ ಬೆಳಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಹೋಗುತ್ತಾನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾನೆ. ಸಿಗರೇಟು ಮುಟ್ಟಿದವನಲ್ಲ.

ಮುಟ್ಟದಿರುವುದಕ್ಕೂ ಕಾರಣವಿತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್‌.ಡಿ. ಕೋಟೆ ಸೀಮೆಯೆಂದರೆ ವರ್ಜೀನಿಯಾ ತಂಬಾಕಿನ ನಾಡು. ಅವರ ಮನೆಯಲ್ಲೂ ತಂಬಾಕಿದೆ, ಮನೆ ಹಿಂದೆ ಎಲೆ ಹದ ಮಾಡುವ ಬ್ಯಾರನ್ ಇದೆ. ಎಲೆ ಮುರಿಯುವ ದಿನಗಳಲ್ಲಿ ಮಳೆಗೋ ಇಬ್ಬನಿಗೋ ನೆನೆದ ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ಆಗ ಕೆಲಸ ಮಾಡುವವರಿಗೆ ತಲೆಸುತ್ತು, ವಾಂತಿ ಬರುವುದುಂಟು. ಅವರಮ್ಮನಿಗೆ ಹಾಗಾದದ್ದನ್ನು ಚಿಕ್ಕಂದಿನಿಂದ ನೋಡಿದ್ದಾನೆ. ‘ಬೆಳೆಯೋದೇ ಸಾಕು, ಸೇದೋದು ಬೇಡ’ ಎನ್ನುವುದು ಅವನ ಮಾತು.

ಅಂಥವನಿಗೂ ಹುಕ್ಕಾ ಹೊಗೆಸೊಪ್ಪು ಎಂದು ಅನ್ನಿಸಲೇ ಇಲ್ಲ. ಏಕೆಂದರೆ ಅದರ ಡಬ್ಬದ ಮೇಲೆ ಸೇಬು, ದ್ರಾಕ್ಷಿ, ಪುದೀನದ ಚಿತ್ರವಿತ್ತು. ರೂಮಿಗೆಲ್ಲ ಹಣ್ಣಿನಂಗಡಿಯ ಘಮ. ಗೆಳೆಯನೊಬ್ಬನ ಬರ್ತ್‌ಡೇ. ಬಾಡಿಗೆ ಮನೆಯ ಮಹಡಿಯಲ್ಲಿ ಆರು ಜನ. ಆನ್‌ಲೈನ್‌ನಲ್ಲಿ ತರಿಸಿದ ಸೆಟ್, ಗ್ಯಾಸ್ ಒಲೆಯ ಮೇಲೆ ಕೆಂಡ ಮಾಡಿದ ಇದ್ದಿಲು. ವಾಸನೆ ಕೆಳಗಿನ ಓನರ್ ಮನೆಗೆ ಇಳಿಯಬಾರದು ಅಂತ ಕಿಟಕಿ, ಬಾಗಿಲು ಎಲ್ಲ ಭದ್ರ. ಹಾಗೆ ಎರಡು ಗಂಟೆ.

ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದಾಗ ಅವನ ದನಿ ಕಟ್ಟಿತ್ತು. ಗಂಟಲೊಳಗೆ ಮರಳು ಉಜ್ಜಿದಂತಿದೆ ಅಂದ. ಎದೆ ನಡುವೆ ಯಾರೋ ಕೈಯಿಟ್ಟು ಒತ್ತಿದಂತೆ. ತಲೆ ಸಿಡಿತ, ಒಂದು ಸಲ ವಾಂತಿ. ಬಿಟ್ಟು ಬರಲು ಬಂದಿದ್ದ ಹುಡುಗರು ‘ಬಿರಿಯಾನಿ ಜಾಸ್ತಿ ಆಯ್ತು, ಗ್ಯಾಸು’ ಎಂದು ತೀರ್ಮಾನಿಸಿ ಸೋಡಾ ಕುಡಿಸಿದರು. ನಮ್ಮ ಓನರ್ ಆಂಟಿ ಕೋವಿಡ್ ಕಾಲದ ಆಕ್ಸಿಮೀಟರ್ ಹುಡುಕಿ ತಂದು ಬೆರಳಿಗೆ ಹಾಕಿದರು. 98 ತೋರಿಸಿತು. ‘ಆಕ್ಸಿಜನ್ ಚೆನ್ನಾಗಿದೆ ಕಣಪ್ಪಾ, ಮಲಕ್ಕೋ’ ಎಂದರು ಪಾಪ. ಎಲ್ಲರಿಗೂ ಸಮಾಧಾನ. ಅವನಿಗೆ ಮಾತ್ರ ಇಲ್ಲ. ಬಚ್ಚಲಿಗೆ ಹೋಗಲು ಎದ್ದವನು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಸಿದು ಕೂತ. ಆಟೊ ಹಿಡಿದು ಆಸ್ಪತ್ರೆಗೆ ಹೋದೆವು.

ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದ ಡ್ಯೂಟಿ ಡಾಕ್ಟರ್ ಕೇಳಿದರು, ‘ಏನ್ ತಿಂದ್ರಿ?’ ‘ಬಿರಿಯಾನಿ ಸಾರ್.’ ‘ಕುಡಿದಿದ್ರಾ?’ ‘ಇಲ್ಲ ಸಾರ್.’ ಇಷ್ಟೇ. ಅವನು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಪೊಲೀಸ್ ಆಗಬೇಕೆಂದಿರುವವನು ಹುಕ್ಕಾ ಎಂದು ಬರೆಸಿಕೊಂಡರೆ ಮುಂದೆ ತೊಂದರೆಯಾದೀತು ಎಂಬ ಭಯ ಬೇರೆ. ‘ಹುಕ್ಕಾ ಎಳೆದಿದ್ದಾನೆ ಸಾರ್’ ಎಂದು ನಾನೇ ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಮತ್ತೆರಡು ಪ್ರಶ್ನೆ ಕೇಳಿದರು: ‘ಇದ್ದಿಲು ಉರಿಸಿದ್ರಾ? ಕಿಟಕಿ ತೆಗೆದಿತ್ತಾ?’ ಉತ್ತರ ಕೇಳಿದ ತಕ್ಷಣ ಆಕ್ಸಿಜನ್ ಮಾಸ್ಕ್ ಹಾಕಿಸಿದರು. ಇಸಿಜಿ ತೆಗೆಸಿ, ರಕ್ತ ಪರೀಕ್ಷೆಗೆ ಕಳಿಸಿದರು. ಆಮೇಲೆ ಕೇಳಿದರು, ‘ಆ ರೂಮಲ್ಲಿ ಇನ್ನೂ ಯಾರ್ ಯಾರಿದ್ರು? ಫೋನ್ ಮಾಡಿ ಕೇಳಿ, ಅವರಿಗೂ ತಲೆನೋವು ಇದೆಯಾ ಅಂತ.’

ಫೋನ್ ಮಾಡಿದೆ. ಮೂವರಿಗೆ ಇತ್ತು. ಅವರಲ್ಲಿ ಒಬ್ಬ ಪೈಪನ್ನು ಬಾಯಿಗೇ ಇಟ್ಟಿರಲಿಲ್ಲ. ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದನಂತೆ.

ಸೀಟಿಗೆ ಟವೆಲ್ ಹಾಕುವ ಅನಿಲ

ಹುಕ್ಕಾದಲ್ಲಿ ಹೊಗೆ ಎರಡು ಕಡೆಯಿಂದ ಬರುತ್ತದೆ. ಒಂದು, ಚಿಲುಮೆಯೊಳಗಿನ ತಂಬಾಕು ಮಿಶ್ರಣದಿಂದ. ಇನ್ನೊಂದು, ಅದರ ಮೇಲಿಟ್ಟ ಇದ್ದಿಲಿನಿಂದ. ಇದ್ದಿಲು ಪೂರ್ತಿ ಉರಿಯದೆ ಕನಲುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಅಗ್ಗಿಷ್ಟಿಕೆ ಹಚ್ಚಿ, ಬಾಗಿಲು ಮುಚ್ಚಿ ಮಲಗಿದವರು ಬೆಳಗ್ಗೆ ಏಳಲೇ ಇಲ್ಲ ಎಂಬ ಸುದ್ದಿಗಳನ್ನು ಓದುತ್ತೇವಲ್ಲ, ಅಲ್ಲಿ ಕೊಲ್ಲುವುದು ಇದೇ ಅನಿಲ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತೊಯ್ಯುವ ಬಸ್ಸು ಎಂದುಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಆ ಬಸ್ಸಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿದ್ದಾರಲ್ಲ, ಥೇಟ್ ಹಾಗೆ. ಸೀಟೆಲ್ಲ ಭರ್ತಿ, ಹೋಗಬೇಕಾದ ಪ್ರಯಾಣಿಕ ಹೊರಗೆ. ಮೆದುಳಿಗೆ, ಹೃದಯಕ್ಕೆ ತಲುಪಬೇಕಾದ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ವಾಕರಿಕೆ, ಎದೆ ಬಿಗಿತ, ನಿಂತರೆ ಕಣ್ಣು ಕತ್ತಲೆ ಬರುವುದು ಇದರಿಂದ.

ಹಾಗಾದರೆ ಆಕ್ಸಿಮೀಟರ್ 98 ತೋರಿಸಿದ್ದು? ಆ ಪುಟ್ಟ ಯಂತ್ರ ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಬಣ್ಣದ ಮೇಲೆ ಲೆಕ್ಕ ಹಾಕುತ್ತದೆ. ಆಮ್ಲಜನಕ ಹೊತ್ತ ರಕ್ತವೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವೂ ಅದಕ್ಕೆ ಹೆಚ್ಚುಕಡಿಮೆ ಒಂದೇ ಕೆಂಪು. ಟವೆಲ್ ಹಾಕಿದ ಸೀಟನ್ನೂ ಜನ ಕೂತ ಸೀಟೆಂದೇ ಎಣಿಸುವ ಕಂಡಕ್ಟರ್ ಅದು. ನಿಜವಾದ ಲೆಕ್ಕ ಸಿಗಲು ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಷ್ಟಿದೆ ಎಂದು ಬೇರೆ ಪರೀಕ್ಷೆಯನ್ನೇ ಮಾಡಬೇಕು. ಆ ಪರೀಕ್ಷೆ ಬೇಕೆಂದು ಡಾಕ್ಟರಿಗೆ ಹೊಳೆಯಬೇಕಾದರೆ ಇದ್ದಿಲಿನ ವಿಷಯ ಅವರ ಕಿವಿಗೆ ಬೀಳಬೇಕು. ಬರೀ ‘ಬಿರಿಯಾನಿ ಸಾರ್’ ಎಂದರೆ ಅಸಿಡಿಟಿ ಮಾತ್ರೆಗೇ ಮುಗಿದುಹೋಗುವ ಸಾಧ್ಯತೆಯಿದೆ.

ಈ ಅನಿಲ ರಕ್ತದಿಂದ ತಾನಾಗಿಯೇ ಇಳಿಯುತ್ತದೆ, ಆದರೆ ನಿಧಾನವಾಗಿ. ಮಾಮೂಲಿ ಗಾಳಿ ಉಸಿರಾಡುತ್ತಿದ್ದರೆ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಅಷ್ಟೇ ಕೆಲಸ ಒಂದೊಂದೂವರೆ ಗಂಟೆಯಲ್ಲಿ ಆಗುತ್ತದೆ. ನನ್ನ ಗೆಳೆಯನ ತಲೆನೋವು ಬೆಳಗಿನ ಜಾವದ ಹೊತ್ತಿಗೆ ಇಳಿಯಿತು.

ಗಂಟಲಿನ ಲೆಕ್ಕವೇ ಬೇರೆ

ಎದೆಯ ಬಿಗಿತ, ತಲೆನೋವು ಮರುದಿನಕ್ಕೆ ಹೋದರೂ ಗಂಟಲಿನ ಕೆರೆತ, ಒಣಕೆಮ್ಮು ಒಂದು ವಾರ ಅವನನ್ನು ಕಾಡಿದವು. ಅದಕ್ಕೆ ಕಾರಣ ಆ ‘ಫ್ಲೇವರ್’. ಹುಕ್ಕಾದ ಮಿಶ್ರಣದಲ್ಲಿ ತಂಬಾಕಿನ ಜೊತೆ ಸಕ್ಕರೆಪಾಕ, ಗ್ಲಿಸರಿನ್, ಪರಿಮಳದ ರಾಸಾಯನಿಕಗಳಿರುತ್ತವೆ. ಬಾಯಿ ತುಂಬ ಬರುವ ಆ ದಟ್ಟ ಬಿಳಿ ಹೊಗೆ ಹೆಚ್ಚಾಗಿ ಗ್ಲಿಸರಿನ್‌ನದು. ಇವೆಲ್ಲ ಬಿಸಿಯಾದಾಗ ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು ಹುಟ್ಟುತ್ತವೆ. ಅಕ್ರೋಲಿನ್ ಎಂದರೆ ಹೊಸ ಹೆಸರೆನಿಸಬಹುದು. ಒಗ್ಗರಣೆಗಿಟ್ಟ ಎಣ್ಣೆ ಮಿತಿಮೀರಿ ಕಾದು ಹೊಗೆಯೆದ್ದಾಗ ಕಣ್ಣಲ್ಲಿ ನೀರು ಬಂದು, ಗಂಟಲು ಹಿಡಿದು, ಮನೆಮಂದಿಯೆಲ್ಲ ಕೆಮ್ಮುತ್ತೇವಲ್ಲ, ಆ ಘಾಟಿನಲ್ಲಿರುವುದೂ ಅದೇ.

ಅಡುಗೆಮನೆಯಲ್ಲಾದರೆ ಕೆಮ್ಮುತ್ತಾ ಹೊರಗೋಡುತ್ತೇವೆ. ಹುಕ್ಕಾದಲ್ಲಿ ಓಡುವುದಿಲ್ಲ, ಏಕೆಂದರೆ ನೀರು ಆ ಹೊಗೆಯನ್ನು ತಂಪು ಮಾಡಿರುತ್ತದೆ. ಪುದೀನ ಫ್ಲೇವರಿನಲ್ಲಿರುವ ಮೆಂಥಾಲ್ ಗಂಟಲಿಗೆ ತಣ್ಣನೆಯ ಭಾವ ಕೊಟ್ಟು ಉರಿಯನ್ನು ಮರೆಸುತ್ತದೆ. ಹೀಗಾಗಿ ಬೀಡಿ, ಸಿಗರೇಟಿನ ಮೊದಲ ದಮ್ಮಿಗೇ ಬರುವ ಕೆಮ್ಮು ಇಲ್ಲಿ ಬರುವುದಿಲ್ಲ. ಕೆಮ್ಮು ಬರದಿದ್ದರೆ ಎಳೆತ ಉದ್ದವಾಗುತ್ತದೆ, ಹೊಗೆ ಎದೆಯ ಆಳಕ್ಕೆ ಇಳಿಯುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಧೂಳು, ಕಫವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವನ್ನು ಮಂಕು ಮಾಡುತ್ತದೆ. ಗುಡಿಸುವವರಿಲ್ಲದ ಬೀದಿಯಂತೆ ಒಳಗೆ ಕಸ ನಿಲ್ಲುತ್ತದೆ, ಆಮೇಲೆ ಕೆಮ್ಮಿ ಕೆಮ್ಮಿ ಹೊರಹಾಕಬೇಕಾಗುತ್ತದೆ. ಆಸ್ತಮಾ ಇರುವವರಿಗೆ ಶ್ವಾಸನಾಳವೇ ಕುಗ್ಗಿ ಉಸಿರು ಕಟ್ಟಬಹುದು. ನಿಕೋಟಿನ್ ಹೃದಯದ ಬಡಿತ ಏರಿಸುತ್ತದೆ, ಜಠರದ ಮೇಲ್ಬಾಗಿಲನ್ನು ಸಡಿಲ ಮಾಡಿ ಹುಳಿಯನ್ನೂ ಮೇಲಕ್ಕೆ ತರುತ್ತದೆ. ‘ಗ್ಯಾಸ್ಟ್ರಿಕ್’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಅದರ ಹಿಂದಿರುವುದು ಬಿರಿಯಾನಿ ಒಂದೇ ಅಲ್ಲ ಅಷ್ಟೆ.

ಪ್ರಮಾಣವನ್ನೂ ನೋಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ ಒಂದು ಸಿಗರೇಟಿಗೆ ಸುಮಾರು 20 ದಮ್ಮು, ಒಂದು ಗಂಟೆಯ ಹುಕ್ಕಾಕ್ಕೆ ಸುಮಾರು 200. ಒಂದು ಸಿಗರೇಟಿನಲ್ಲಿ ಒಳಹೋಗುವ ಹೊಗೆ 500ರಿಂದ 600 ಮಿಲಿಲೀಟರ್. ಒಂದು ಗಂಟೆಯ ಹುಕ್ಕಾದಲ್ಲಿ ಸುಮಾರು 90 ಲೀಟರ್. ನಮ್ಮ ರೂಮುಗಳಿಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕೂವರೆ ಕ್ಯಾನ್ ಹೊಗೆ. ‘ಸಿಗರೇಟ್ ಸೇದಲ್ಲ, ಯಾವಾಗ್ಲೋ ಒಂದ್ಸಲ ಹುಕ್ಕಾ ಅಷ್ಟೇ’ ಎನ್ನುವವರು ಈ ಲೆಕ್ಕವನ್ನೊಮ್ಮೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನೀರು ತೊಳೆಯುತ್ತದೆ ಎಂಬ ಹಳೇ ನಂಬಿಕೆ

‘ನೀರಿನಲ್ಲಿ ಫಿಲ್ಟರ್ ಆಗಿ ಬರುತ್ತೆ’ ಎಂಬ ಮಾತಿಗೆ ನಾಲ್ಕು ಶತಮಾನದ ವಯಸ್ಸಿದೆ. ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. 17ನೇ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿಗಳ ವಿಜಯಪುರಕ್ಕೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಇಲ್ಲಿ ತಂಬಾಕು ಕಂಡು, ಅದನ್ನೂ ಸೇದುವ ಕೊಳವೆಯನ್ನೂ ಅಕ್ಬರನ ಆಸ್ಥಾನಕ್ಕೆ ಒಯ್ದ. ಗೊತ್ತಿಲ್ಲದ ವಸ್ತು, ಸೇವಿಸಬೇಡಿ ಎಂದು ಅಲ್ಲಿನ ವೈದ್ಯರು ಆಕ್ಷೇಪಿಸಿದರು. ಹೊಗೆಯನ್ನು ನೀರಿನ ಮೂಲಕ ಹಾಯಿಸಿದರೆ ಅಪಾಯ ಕಳೆಯುತ್ತದೆ ಎಂಬ ಉಪಾಯ ಅಕ್ಬರನ ಕಾಲದ ಹಕೀಮರೊಬ್ಬರದು ಎಂಬ ಕಥೆಯಿದೆ. ಮುಂದೆ ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿ ಮಾಡಿದ ಹುಕ್ಕಾ ಬುಡಗಳು ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಂಗಳನ್ನು ಸೇರಿದವು. ಬಿದರಿ ಕಲೆಯ ಬಗ್ಗೆ ಹೆಮ್ಮೆಪಡೋಣ. ಹಕೀಮರ ಊಹೆ ಮಾತ್ರ ತಪ್ಪೆಂದು ವಿಜ್ಞಾನ ತೋರಿಸಿದೆ. ನೀರು ಹೊಗೆಯನ್ನು ತಣಿಸುತ್ತದೆ, ತೊಳೆಯುವುದಿಲ್ಲ. ನೀರು ದಾಟಿದ ಮೇಲೂ ಅದರಲ್ಲಿ ಕಾರ್ಬನ್ ಮೊನಾಕ್ಸೈಡ್, ಭಾರಲೋಹ, ಕ್ಯಾನ್ಸರ್ ತರುವ ರಾಸಾಯನಿಕಗಳು ಇರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು.

ಈಗ ‘ಹರ್ಬಲ್ ಹುಕ್ಕಾ, ನಿಕೋಟಿನ್ ಇಲ್ಲ’ ಎಂಬ ಹೊಸ ಮಾತು ಬಂದಿದೆ. ನಿಕೋಟಿನ್ ಇಲ್ಲದಿರಬಹುದು, ಮೇಲಿರುವ ಕೆಂಡ ಅದೇ ಕೆಂಡ. ಪೈಪಿನ ತುದಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವುದೂ ತಪ್ಪುವುದಿಲ್ಲ. ಅದರ ಮೂಲಕ ಕ್ಷಯದಂಥ ಸೋಂಕು ಹರಡುವ ಅಪಾಯವಿದೆ.

ಬಾರ್ ಮುಚ್ಚಿತು, ಕಿಟಕಿಯೂ ಮುಚ್ಚಿತು

ಕರ್ನಾಟಕ ಸರ್ಕಾರ 2024ರ ಫೆಬ್ರುವರಿ 7ರಂದು ರಾಜ್ಯದಾದ್ಯಂತ ಹುಕ್ಕಾ ಮಾರಾಟ, ಸೇವನೆ, ಜಾಹೀರಾತನ್ನು ನಿಷೇಧಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ರಾಷ್ಟ್ರಪತಿಯವರ ಅಂಕಿತ ಪಡೆದು 2025ರಲ್ಲಿ ಕಾನೂನಾಯಿತು. ಹುಕ್ಕಾ ಬಾರ್ ತೆರೆಯುವವರಿಗೆ, ನಡೆಸುವವರಿಗೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಒಂದು ಲಕ್ಷ ರೂಪಾಯಿ ದಂಡ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು.

ಇದು ಬೇಕಾಗಿದ್ದ ಕಾನೂನು. ಆದರೆ ನಾನು ಸುತ್ತಮುತ್ತ ಕಂಡಂತೆ ಕೆಲವು ಸೆಟ್‌ಗಳು ಕೆಫೆಯಿಂದ ಬಾಡಿಗೆ ರೂಮಿಗೆ ಬಂದಿವೆ. ಅಲ್ಲಿ ವಾಸನೆ ಹೊರಗೆ ಹೋಗಬಾರದು ಎಂಬುದೇ ಮೊದಲ ಕಾಳಜಿ. ಹತ್ತಕ್ಕೆ ಹನ್ನೆರಡು ಅಡಿಯ ರೂಮು, ಮುಚ್ಚಿದ ಕಿಟಕಿ, ಉರಿಯುವ ಇದ್ದಿಲು, ಆರು ಜನ. ಜೊತೆಗೆ ‘ಗೊತ್ತಾದರೆ ಕೇಸು’ ಎಂಬ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ತಡಮಾಡುತ್ತಾರೆ, ಹೋದರೂ ಮುಚ್ಚಿಡುತ್ತಾರೆ. ಮೇಲೆ ಹೇಳಿದ ಜೈಲು ಶಿಕ್ಷೆ ಬಾರ್ ನಡೆಸುವವರಿಗೆ, ಎದೆ ಹಿಡಿದುಕೊಂಡು ಬಂದ ರೋಗಿಗಲ್ಲ. ಡಾಕ್ಟರ್ ಕೇಳುವುದು ಚಿಕಿತ್ಸೆ ಕೊಡಲು.

ಏನು ಮಾಡಬೇಕು?

ಹುಕ್ಕಾ ಇದ್ದ ಜಾಗದಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ಎದೆ ಬಿಗಿತ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಎಳೆದವರೂ ಎಳೆಯದವರೂ. ಬಾಗಿಲು, ಕಿಟಕಿ ತೆರೆಯಿರಿ. ‘ಸ್ವಲ್ಪ ಮಲಗು, ಸರಿಹೋಗುತ್ತೆ’ ಎಂದು ಅದೇ ರೂಮಿನಲ್ಲಿ ಮಲಗಿಸಬೇಡಿ. ಆಕ್ಸಿಮೀಟರ್ ನೋಡಿ ಸುಮ್ಮನಾಗಬೇಡಿ. ತಲೆಸುತ್ತಿ ಬಿದ್ದರೆ, ಮಾತು ತೊದಲಿದರೆ, ಉಸಿರಾಡಲು ಕಷ್ಟವಾದರೆ, ಎದೆನೋವು ಎಡಗೈಗೋ ದವಡೆಗೋ ಹರಡಿದರೆ, ಕಫದಲ್ಲಿ ರಕ್ತ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಬರೀ ಗಂಟಲಿನ ಕೆರೆತ, ಒಣಕೆಮ್ಮು ಆದರೆ ಬಿಸಿನೀರು, ಉಪ್ಪುನೀರಿನ ಮುಕ್ಕಳಿಕೆ, ದನಿಗೆ ವಿಶ್ರಾಂತಿ ಸಾಕು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ನಡುವೆ ಮತ್ತೆ ಹೊಗೆ ಎಳೆಯದಿದ್ದರೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಬಿಡಬೇಕೆಂದರೂ ವಾರಾಂತ್ಯ ಬಂದರೆ ಕೈ ತಡೆಯುವುದಿಲ್ಲ ಎನ್ನುವವರಿಗೆ ಕೇಂದ್ರ ಆರೋಗ್ಯ ಇಲಾಖೆಯ ತಂಬಾಕು ಬಿಡಿಸುವ ಸಹಾಯವಾಣಿ ಇದೆ: 1800-11-2356. ಉಚಿತ ಕರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ದೇಹವೂ ಒಂದು ಸರ್ಟಿಫಿಕೇಟೇ. ಪೊಲೀಸ್, ಅರಣ್ಯ, ಸೇನೆ, ಅಗ್ನಿಶಾಮಕ ಯಾವುದೇ ಇರಲಿ, ಓಟದ ಮೈದಾನದಲ್ಲಿ ಎಣಿಕೆಗೆ ಬರುವುದು ಸೆಕೆಂಡುಗಳು. ರಕ್ತ ಹೊರಬೇಕಾದ ಆಮ್ಲಜನಕದ ಜಾಗದಲ್ಲಿ ಬೇರೇನೋ ಕೂತಿದ್ದರೆ ಎಷ್ಟು ಬೆಳಗ್ಗೆ ಎದ್ದು ಓಡಿದರೂ ಆ ಸೆಕೆಂಡುಗಳು ಸಿಗುವುದಿಲ್ಲ. ಇಷ್ಟರ ಮೇಲೂ ಯಾರಿಗಾದರೂ ಪಾರ್ಟಿಯ ಮರುದಿನ ಎದೆ ಹಿಡಿದರೆ, ಡಾಕ್ಟರ ಮುಂದೆ ಕೂತಾಗ ಊಟದ ವಿವರಕ್ಕಿಂತ ಮೊದಲು ಹೇಳಬೇಕಾದದ್ದು ಇಷ್ಟೇ: ‘ಸಾರ್, ಹುಕ್ಕಾ ಇತ್ತು, ಇದ್ದಿಲು ಉರಿಸಿದ್ವಿ, ಕಿಟಕಿ ಮುಚ್ಚಿತ್ತು.’